ಹಳೆಯ ಕಾರಿನ ಮಾಪಕಗಳು: ಕಳಚುವ ಮೊದಲು ತಿಳಿಯಬೇಕಾದ ಭೌತವಿಜ್ಞಾನ

ಮಂಗಳೂರಿನ ಕೊಟ್ಟಾರ ಚೌಕಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ಹಗಲಿರುಳೂ ವಾಹನಗಳ ಸಾಲು ತಪ್ಪುವುದಿಲ್ಲ. ಅವುಗಳ ನಡುವೆ ಎಂದಾದರೊಮ್ಮೆ ಗುಂಡಗಿನ ಮೈಕಟ್ಟಿನ ಅಂಬಾಸಡರೋ ಫಿಯಟೋ ಕಾಣಿಸಿಕೊಂಡರೆ ಹಿರಿಯರು ನಿಂತು ನೋಡುತ್ತಾರೆ. ಕಿರಿಯರು ಬೆರಗಿನಿಂದ ನೋಡುತ್ತಾರೆ. ಇಂಥ ಕಾರುಗಳ ಮೇಲಿನ ಅಭಿಮಾನ ನಮ್ಮ ಜಿಲ್ಲೆಗೆ ಹೊಸತಲ್ಲ. ಮಂಗಳೂರಿನಿಂದ ಸುಮಾರು ೭೫ ಕಿಲೋಮೀಟರು ದೂರದ ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಉಂಟು. ಈಚೆಗೆ ಕಾಲೇಜು ವಿದ್ಯಾರ್ಥಿಗಳೂ ಅಜ್ಜನ ಕಾಲದ ಕಾರನ್ನು ಕೊಟ್ಟಿಗೆಯಿಂದ ಹೊರಗೆಳೆದು ಸರಿಪಡಿಸುವ ಹವ್ಯಾಸವನ್ನು ಕೈಗೊಳ್ಳುತ್ತಿದ್ದಾರೆ. ಇದು ಸಂತೋಷದ ಸಂಗತಿ.

ಆದರೆ ಈ ಹವ್ಯಾಸದಲ್ಲಿ ಒಂದು ಕಷ್ಟವಿದೆ. ಬಂಗಾಳದ ಉತ್ತರಪಾರದಲ್ಲಿ ೧೯೫೭ರ ಸುಮಾರಿಗೆ ತಯಾರಾಗತೊಡಗಿದ ಅಂಬಾಸಡರ್ ಕಾರಿನ ಉತ್ಪಾದನೆ ೨೦೧೪ರಲ್ಲಿ ನಿಂತುಹೋಯಿತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಫಿಯಟ್ ಎಂದೇ ಜನ ಕರೆಯುತ್ತಿದ್ದ, ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಕಣ್ಮರೆಯಾಗಿತ್ತು. ಆದುದರಿಂದ ಚಾಲಕನ ಮುಂದಿನ ಫಲಕದಲ್ಲಿರುವ ವೇಗಮಾಪಕ, ಆಮ್ಮೀಟರು, ಪೆಟ್ರೋಲುಮಾಪಕ ಮೊದಲಾದವುಗಳಲ್ಲಿ ಒಂದು ಕೆಟ್ಟರೆ, ಅದೇ ಕಾಲದ ಇನ್ನೊಂದನ್ನು ಹುಡುಕುವುದು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿದೆ. ಇದ್ದುದನ್ನೇ ಕಳಚಿ, ಶುಚಿಮಾಡಿ, ಮತ್ತೆ ಕೂಡಿಸುವುದೊಂದೇ ಉಳಿದಿರುವ ದಾರಿ.

ಕರಾವಳಿಯಲ್ಲಿ ಈ ಕೆಲಸ ಮೇಲಿಂದ ಮೇಲೆ ಒದಗಿಬರುತ್ತದೆ. ವರ್ಷಕ್ಕೆ ಮೂರುವರೆ ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ೨೦೧೮ರ ಮೇ ೨೯ರ ಮಳೆಯಂಥ ದಿನಗಳಲ್ಲಿ ಕೊಟ್ಟಾರ ಚೌಕಿಯ ಪರಿಸರವೇ ಜಲಾವೃತವಾದುದನ್ನು ಎಲ್ಲರೂ ಬಲ್ಲರು. ನೀರು ಕಾರಿನ ಒಳಹೊಕ್ಕರೆ ಮಾಪಕಗಳ ಗಾಜಿನ ಒಳಗೆ ಹಬೆ ಕಟ್ಟುತ್ತದೆ, ಮುಳ್ಳುಗಳು ಅಂಟಿಕೊಳ್ಳುತ್ತವೆ. ನೀರು ಹೊಗದಿದ್ದರೂ ಉಪ್ಪಿನ ಅಂಶವುಳ್ಳ ಕಡಲ ಗಾಳಿ ಹಿತ್ತಾಳೆಯ ತುದಿಗಳಿಗೆ ಹಸುರು ಕಿಲುಬನ್ನು ಹಿಡಿಸುತ್ತದೆ.

ಹಾಗಾದರೆ ಈ ಮಾಪಕಗಳನ್ನು ಅವು ಕೆಡದಂತೆ, ಕಾರಿಗೆ ಬೆಂಕಿ ತಗಲದಂತೆ, ಕಳಚುವವನ ಕೈ ಸುಡದಂತೆ ಹೊರತೆಗೆಯುವುದು ಹೇಗೆ? ಹೊರಗಿನಿಂದ ನೋಡಿದರೆ ಇವೆಲ್ಲವೂ ಒಂದೇ ಬಗೆಯ ದುಂಡು ಬಿಲ್ಲೆಗಳು. ಒಳಗೆ ಮಾತ್ರ ಒಂದೊಂದೂ ಭೌತವಿಜ್ಞಾನದ ಒಂದೊಂದು ನಿಯಮವನ್ನು ಆಧರಿಸಿ ಕೆಲಸ ಮಾಡುತ್ತದೆ. ಒಂದರ ಹಿಂದೆ ವಿದ್ಯುತ್ತು, ಮತ್ತೊಂದರ ಹಿಂದೆ ತಿರುಗುವ ತಂತಿ, ಇನ್ನೊಂದರ ಹಿಂದೆ ಒತ್ತಡದಲ್ಲಿರುವ ಎಣ್ಣೆ, ಬೇರೊಂದರ ಹಿಂದೆ ಬೇಗನೆ ಆವಿಯಾಗುವ ದ್ರವ. ಆಯಾ ಮಾಪಕ ಕೆಲಸ ಮಾಡುವ ರೀತಿಯನ್ನು ಅರಿತವನಿಗೆ ಅದನ್ನು ಕಳಚುವ ರೀತಿ ತಾನಾಗಿಯೇ ಹೊಳೆಯುತ್ತದೆ. ಅರಿಯದೆ ಕೈಹಾಕಿದವನು ನಾಲ್ಕು ಬಗೆಯಲ್ಲಿ ತೊಂದರೆಗೆ ಸಿಲುಕಬಹುದು.

ಹನ್ನೆರಡು ವೋಲ್ಟಿನ ಶಕ್ತಿ

‘ಕಾರಿನ ಬ್ಯಾಟರಿ ಬರಿಯ ಹನ್ನೆರಡು ವೋಲ್ಟಿನದು; ಅದನ್ನು ಮುಟ್ಟಿದರೆ ಏನೂ ಆಗದು’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಒಣಗಿದ ಚರ್ಮದ ರೋಧ ಹತ್ತು ಸಾವಿರ ಓಮ್‌ಗಳೆಂದು ಭಾವಿಸೋಣ. ಓಮನ ನಿಯಮದಂತೆ ಅದರ ಮೂಲಕ ಹರಿಯುವ ಪ್ರವಾಹ ೧೨ನ್ನು ೧೦,೦೦೦ದಿಂದ ಭಾಗಿಸಿದಷ್ಟು, ಅಂದರೆ ಆಂಪಿಯರಿನ ಸಾವಿರದ ಒಂದಂಶಕ್ಕಿಂತ ತುಸು ಹೆಚ್ಚು. ಅದು ನಮಗೆ ಗೊತ್ತೂ ಆಗದು.

ಅದೇ ಬ್ಯಾಟರಿಯ ಎರಡು ಧ್ರುವಗಳ ನಡುವೆ ಮನುಷ್ಯನ ಬದಲು ತಾಮ್ರದ ತಂತಿಯೊಂದು ಬಂದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ತಂತಿಯ ಉದ್ದ ೨ ಮೀಟರು, ಅಡ್ಡಕೊಯ್ತದ ವಿಸ್ತೀರ್ಣ ೨.೫ ಚದರ ಮಿಲ್ಲಿಮೀಟರು ಆಗಿರಲಿ. ಅದರ ರೋಧ ಸುಮಾರು ೦.೦೧೪ ಓಮ್. ಬ್ಯಾಟರಿಯ ಒಳರೋಧ, ತುದಿಗಳ ರೋಧ ಎಲ್ಲವೂ ಸೇರಿ ಮಂಡಲದ ಒಟ್ಟು ರೋಧ ೦.೦೪ ಓಮ್ ಎಂದು ಇಟ್ಟುಕೊಂಡರೆ ಪ್ರವಾಹ ೩೦೦ ಆಂಪಿಯರು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಅದು ೧,೨೬೦ ವಾಟ್ ಆಗುತ್ತದೆ. ಸ್ನಾನದ ನೀರು ಕಾಯಿಸುವ ವಿದ್ಯುತ್ ಸುರುಳಿಯ ಶಾಖಕ್ಕೆ ಇದು ಸಮ. ಆ ಸುರುಳಿ ಒಂದು ಬಕೆಟ್ ನೀರನ್ನು ಬಿಸಿಮಾಡುತ್ತದೆ. ಇಲ್ಲಿ ಬಿಸಿಯಾಗಬೇಕಾದುದು ೪೫ ಗ್ರಾಮಿನಷ್ಟು ತಾಮ್ರ ಮಾತ್ರ. ತಾಮ್ರದ ವಿಶಿಷ್ಟ ಶಾಖವನ್ನು ಗಣನೆಗೆ ತಂದರೆ ತಂತಿಯ ಉಷ್ಣತೆ ಸೆಕೆಂಡಿಗೆ ೭೦ ಡಿಗ್ರಿಗೂ ಹೆಚ್ಚು ಏರುತ್ತದೆ. ಎರಡು ಮೂರು ಸೆಕೆಂಡುಗಳಲ್ಲಿ ಮೇಲಿನ ಹೊದಿಕೆ ಕರಗಿ ಹೊಗೆಯಾಡುತ್ತದೆ. ಪಕ್ಕದ ತಂತಿಗಳ ಹೊದಿಕೆಯೂ ಕರಗುತ್ತದೆ. ಬಳಿಕ ಹೊತ್ತಿಕೊಳ್ಳಲು ಫಲಕದ ಹಿಂದಿನ ಬಟ್ಟೆ, ರಬ್ಬರು, ಧೂಳು ಎಲ್ಲವೂ ಸಿದ್ಧವಾಗಿರುತ್ತವೆ.

ವೋಲ್ಟಿನ ಸಂಖ್ಯೆ ಚಿಕ್ಕದೆಂಬ ಮಾತ್ರಕ್ಕೆ ಬ್ಯಾಟರಿಯನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇಷ್ಟು ಸಾಕು. ಬೆರಳಿನ ಉಂಗುರ, ಕೈಗಡಿಯಾರದ ಲೋಹದ ಪಟ್ಟಿ, ಬಳೆ ಇವುಗಳನ್ನು ತೆಗೆದಿರಿಸಿ ಕೆಲಸಕ್ಕೆ ತೊಡಗಬೇಕೆನ್ನುವುದೂ ಇದೇ ಕಾರಣಕ್ಕೆ. ಜೀವಂತವಾದ ತುದಿಗೂ ಕಾರಿನ ಮೈಗೂ ನಡುವೆ ಉಂಗುರವೊಂದು ಸಿಕ್ಕಿಕೊಂಡರೆ ಮೇಲಿನ ಲೆಕ್ಕದ ತಂತಿಯ ಸ್ಥಾನದಲ್ಲಿ ಆ ಉಂಗುರವಿರುತ್ತದೆ, ಅದರೊಳಗೆ ನಮ್ಮ ಬೆರಳು ಇರುತ್ತದೆ.

ಯಾವ ತುದಿಯನ್ನು ಮೊದಲು ಬಿಚ್ಚಬೇಕು?

ಕೀಲಿಕೈಯನ್ನು ತಿರುಗಿಸಿ ಹೊರತೆಗೆದೊಡನೆ ಫಲಕದ ಹಿಂದೆ ವಿದ್ಯುತ್ತು ಇಲ್ಲವೆಂದು ತಿಳಿಯುವುದು ತಪ್ಪು. ಆಮ್ಮೀಟರು, ಗಡಿಯಾರ ಮತ್ತು ಕೀಲಿಯ ಗುಂಡಿಯವರೆಗೆ ಬರುವ ತಂತಿ ಸದಾ ಜೀವಂತವಾಗಿರುತ್ತವೆ. ಹಳೆಯ ಕಾರುಗಳಲ್ಲಿ ಈ ಮುಖ್ಯ ತಂತಿಗೆ ಅನೇಕವೇಳೆ ಫ್ಯೂಸಿನ ರಕ್ಷಣೆಯೂ ಇರುವುದಿಲ್ಲ. ಆದುದರಿಂದ ಮೊದಲ ಕೆಲಸ ಬ್ಯಾಟರಿಯನ್ನು ಬೇರ್ಪಡಿಸುವುದು.

ಇಲ್ಲೊಂದು ಸೂಕ್ಷ್ಮವಿದೆ. ಕಾರಿನಲ್ಲಿ ಪ್ರತಿಯೊಂದು ದೀಪಕ್ಕೂ ಎರಡೆರಡು ತಂತಿಗಳನ್ನು ಎಳೆದಿರುವುದಿಲ್ಲ. ಬ್ಯಾಟರಿಯ ಒಂದು ಧ್ರುವವನ್ನು ಕಾರಿನ ಉಕ್ಕಿನ ಮೈಗೇ ಜೋಡಿಸಿ, ಆ ಮೈಯನ್ನೇ ಪ್ರವಾಹ ಹಿಂದಿರುಗುವ ದಾರಿಯನ್ನಾಗಿ ಬಳಸುತ್ತಾರೆ. ಗ್ಯಾರೇಜಿನವರು ಇದನ್ನು ‘ಅರ್ತ್’ ಎನ್ನುತ್ತಾರೆ. ಇಂದಿನ ಕಾರುಗಳಲ್ಲಿ ಮೈಗೆ ಸೇರಿರುವುದು ಋಣ ಧ್ರುವ. ಆದರೆ ೧೯೬೦ರ ದಶಕದ ನಡುಗಾಲದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನ ಧ್ರುವವೇ ಮೈಗೆ ಸೇರಿರುತ್ತಿತ್ತು. ಅಂಬಾಸಡರಿನ ಮೂಲರೂಪವಾದ ಮಾರಿಸ್ ಆಕ್ಸ್‌ಫರ್ಡ್ ಅಂಥವುಗಳಲ್ಲಿ ಒಂದು.

ಈಗ ಸ್ಪ್ಯಾನರು ಹಿಡಿದು ಬ್ಯಾಟರಿಯ ತುದಿಯೊಂದನ್ನು ಸಡಿಲಿಸುತ್ತಿರುವಿರೆಂದು ಊಹಿಸಿ. ಅದು ಮೈಗೆ ಸೇರದಿರುವ ತುದಿಯಾಗಿದ್ದು, ಸ್ಪ್ಯಾನರಿನ ಇನ್ನೊಂದು ಕೊನೆ ಅಕಸ್ಮಾತ್ತಾಗಿ ಕಾರಿನ ಮೈಗೆ ತಗಲಿತೆಂದರೆ ಸ್ಪ್ಯಾನರಿನ ಮೂಲಕವೇ ನೂರಾರು ಆಂಪಿಯರು ಹರಿಯುತ್ತದೆ. ಕಿಡಿ ಹಾರುತ್ತದೆ. ಚಾರ್ಜಾದ ಬ್ಯಾಟರಿಯ ಬಳಿ ಜಲಜನಕ ಅನಿಲವಿರುವ ಸಂಭವ ಉಂಟು. ಆ ಕಿಡಿಯಿಂದ ಅದು ಆಸ್ಫೋಟಿಸಿ ಗಂಧಕಾಮ್ಲವನ್ನು ಮುಖಕ್ಕೆ ಎರಚಬಹುದು. ಅದರ ಬದಲು ಮೈಗೆ ಸೇರಿದ ತುದಿಯನ್ನೇ ಮೊದಲು ಬಿಚ್ಚಿದರೆ, ಸ್ಪ್ಯಾನರು ಮೈಗೆ ತಗಲಿದರೂ ಮೈಯನ್ನು ಮೈಗೇ ಜೋಡಿಸಿದಂತಾಯಿತೇ ಹೊರತು ಬೇರೇನೂ ಆಗುವುದಿಲ್ಲ. ಅದನ್ನು ಬಿಚ್ಚಿಯಾದ ಮೇಲೆ ಮಂಡಲವೇ ಕಡಿದುಹೋಗುವುದರಿಂದ ಇನ್ನೊಂದು ತುದಿಯೂ ನಿರಪಾಯಕಾರಿಯಾಗುತ್ತದೆ.

ಆದುದರಿಂದ ‘ಋಣ ಧ್ರುವವನ್ನು ಮೊದಲು ಬಿಚ್ಚು’ ಎಂದು ಬಾಯಿಪಾಠ ಮಾಡಿಕೊಂಡವನು ಇಂಥ ಹಳೆಯ ಕಾರಿನಲ್ಲಿ ತಾನು ತಪ್ಪಿಸಬೇಕಾದ ಅಪಾಯವನ್ನೇ ಕರೆದುಕೊಳ್ಳುತ್ತಾನೆ. ನೆನಪಿಡಬೇಕಾದ ನಿಯಮ ಬೇರೆ: ಕಾರಿನ ಮೈಗೆ ಬಂದು ಸೇರುವ ತಂತಿ ಯಾವುದೆಂದು ಕಣ್ಣಿನಿಂದ ನೋಡಿ, ಅದು ಧನವಾಗಲಿ ಋಣವಾಗಲಿ, ಅದನ್ನೇ ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಬಿಚ್ಚಿದ ತುದಿ ಮರಳಿ ತಗಲದಂತೆ ಅದನ್ನು ದೂರಕ್ಕೆ ಬಗ್ಗಿಸಿ ಬಟ್ಟೆ ಸುತ್ತಿಡಬೇಕು.

ವೇಗಮಾಪಕ: ಮುಟ್ಟದೆ ಎಳೆಯುವ ಅಯಸ್ಕಾಂತ

ಫಲಕದ ಮಾಪಕಗಳಲ್ಲಿ ಅತ್ಯಂತ ಸ್ವಾರಸ್ಯಕರವಾದುದು ವೇಗಮಾಪಕ. ಗೇರು ಪೆಟ್ಟಿಗೆಯಿಂದ ಹೊರಟ ಬಾಗುವ ತಂತಿಯೊಂದು ಕೊಳವೆಯೊಳಗೆ ತಿರುಗುತ್ತ ಬಂದು ಮಾಪಕದೊಳಗಿನ ಪುಟ್ಟ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವನ್ನು ಸುತ್ತುವರಿದಂತೆ ಅಲ್ಯುಮಿನಿಯಮಿನ ತೆಳುವಾದ ಬಟ್ಟಲೊಂದಿದೆ. ಮುಳ್ಳು ಅಂಟಿಕೊಂಡಿರುವುದು ಈ ಬಟ್ಟಲಿಗೆ. ಅಯಸ್ಕಾಂತ ಬಟ್ಟಲನ್ನು ಎಲ್ಲಿಯೂ ಮುಟ್ಟುವುದಿಲ್ಲ; ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಬಟ್ಟಲು ಅಯಸ್ಕಾಂತದೊಡನೆ ತಿರುಗಲು ಎಳಸುತ್ತದೆ!

ಇಂಥ ಸೋಜಿಗವನ್ನು ಫ್ರಾನ್ಸಿನ ಅರಾಗೋ ೧೮೨೪ರಲ್ಲಿಯೇ ಕಂಡಿದ್ದನು. ತಿರುಗುವ ತಾಮ್ರದ ತಟ್ಟೆಯ ಮೇಲೆ ತೂಗುಹಾಕಿದ ಕಾಂತಸೂಜಿ ತಾನೂ ತಿರುಗತೊಡಗಿತು. ಕಾರಣ ತಿಳಿದುದು ೧೮೩೧ರಲ್ಲಿ ಫ್ಯಾರಡೆಯು ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ಮೇಲೆ. ಕಾಂತಕ್ಷೇತ್ರ ಬದಲಾದಾಗ ಲೋಹದಲ್ಲಿ ಸುಳಿಸುಳಿಯಾಗಿ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ; ತಮ್ಮ ಹುಟ್ಟಿಗೆ ಕಾರಣವಾದ ಚಲನೆಯನ್ನು ಅವು ವಿರೋಧಿಸುತ್ತವೆ. ತಿರುಗುವ ಅಯಸ್ಕಾಂತದೊಡನೆ ತಾನೂ ತಿರುಗಿದರೆ ಬಟ್ಟಲಿನ ಮಟ್ಟಿಗೆ ಆ ಬದಲಾವಣೆ ಕಡಮೆಯಾಗುವುದಷ್ಟೆ! ಆದರೆ ಕೂದಲೆಳೆಯಂಥ ಸುರುಳಿ ಕಮಾನೊಂದು ಬಟ್ಟಲನ್ನು ಹಿಂದಕ್ಕೆಳೆಯುತ್ತದೆ. ಎರಡು ಎಳೆತಗಳೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ವೇಗ ಇಮ್ಮಡಿಯಾದರೆ ಎಳೆತವೂ ಇಮ್ಮಡಿ, ಮುಳ್ಳಿನ ಬಾಗೂ ಇಮ್ಮಡಿ. ಈ ತತ್ತ್ವವನ್ನು ವಾಹನದ ವೇಗವನ್ನು ಅಳೆಯಲು ಬಳಸಿ ಜರ್ಮನಿಯ ಒಟ್ಟೊ ಶುಲ್ಜೆ ೧೯೦೨ರಲ್ಲಿ ಪೇಟೆಂಟು ಪಡೆದನು.

ಇದನ್ನು ತಿಳಿದ ಮೇಲೆ ಕಳಚುವ ನಿಯಮಗಳು ಸ್ಪಷ್ಟವಾಗುತ್ತವೆ. ಮಾಪಕವನ್ನು ಫಲಕದಿಂದ ಎಳೆಯುವ ಮೊದಲು ಅದರ ಹಿಂದಿನ, ಅಂಚಿನಲ್ಲಿ ಗೀರುಗಳುಳ್ಳ ಉಂಗುರದಂಥ ನಟ್ಟನ್ನು ಕೈಯಿಂದಲೇ ತಿರುಗಿಸಿ ತಂತಿಯ ಕೊಳವೆಯನ್ನು ಬಿಡಿಸಬೇಕು. ಇಕ್ಕುಳದಿಂದ ಹಿಂಡಿದರೆ ಮೃದು ಲೋಹದ ನಟ್ಟು ಮೊಟ್ಟೆಯಾಕಾರ ತಾಳಿ ಮತ್ತೆ ಕೂರುವುದಿಲ್ಲ. ಕೊಳವೆಯನ್ನು ಸೊಟ್ಟಗೆ ಬಗ್ಗಿಸಬಾರದು. ಒಳಗಿನ ತಂತಿ ಉಜ್ಜಿಕೊಂಡು ಮುಳ್ಳು ನಡುಗುವುದಕ್ಕೆ ಅನೇಕವೇಳೆ ಇದೇ ಕಾರಣ. ಗಾಜನ್ನು ತೆಗೆದಾಗ ಮುಳ್ಳನ್ನು ಬೆರಳಿನಿಂದ ಸುತ್ತಿಸಿ ನೋಡುವ ಆಸೆಯನ್ನು ತಡೆದುಕೊಳ್ಳಬೇಕು. ಕಮಾನು ಒಮ್ಮೆ ಹಿಗ್ಗಿದರೆ ಅದರ ಅಳತೆ ಶಾಶ್ವತವಾಗಿ ತಪ್ಪುತ್ತದೆ. ಬಟ್ಟಲಿನ ಬಳಿ ಎಣ್ಣೆ ಬಿಡಲೇ ಕೂಡದು. ಅಲ್ಲಿನ ಗಾಳಿಯ ತೆರಪಿನಲ್ಲಿ ಎಣ್ಣೆ ತುಂಬಿದರೆ ಅದರ ಅಂಟು ಬಟ್ಟಲನ್ನು ಎಳೆದು, ನಿಧಾನವಾಗಿ ಹೋಗುವ ಕಾರೂ ಅತಿವೇಗದಲ್ಲಿ ಓಡುತ್ತಿರುವಂತೆ ಮುಳ್ಳು ತೋರಿಸುತ್ತದೆ. ತಂತಿಗೆ ಗ್ರೀಸು ಹಚ್ಚುವಾಗಲೂ ಮೇಲ್ತುದಿಯ ಒಂದು ಗೇಣನ್ನು ಹಾಗೆಯೇ ಬಿಡುವುದು ಇದಕ್ಕಾಗಿಯೇ.

ಬ್ರಿಟಿಷ್ ತಯಾರಿಕೆಯ ಅನೇಕ ವೇಗಮಾಪಕಗಳ ಮುಖದ ಕೆಳಭಾಗದಲ್ಲಿ ಚಿಕ್ಕ ಅಕ್ಷರಗಳಲ್ಲಿ ಸಾವಿರದ ಆಸುಪಾಸಿನ ಸಂಖ್ಯೆಯೊಂದು ಅಚ್ಚಾಗಿರುತ್ತದೆ. ಕಾರು ಒಂದು ಮೈಲಿ ಸಾಗಿದಾಗ ತಂತಿ ಎಷ್ಟು ಸುತ್ತು ತಿರುಗಬೇಕೆಂಬುದನ್ನು ಅದು ಹೇಳುತ್ತದೆ. ಬೇರೆ ಕಾರಿನ ಮಾಪಕವನ್ನು ತಂದು ಕೂಡಿಸುವವರು ಈ ಸಂಖ್ಯೆಯನ್ನು ಗಮನಿಸದಿದ್ದರೆ ಕೇಡಾಗುತ್ತದೆ. ಮೈಲಿಗೆ ೧,೦೦೦ ಸುತ್ತು ಕೊಡುವ ಕಾರಿಗೆ ೧,೨೫೦ ಎಂದು ಬರೆದ ಮಾಪಕವನ್ನು ಹಾಕಿದರೆ, ಕಾರು ಗಂಟೆಗೆ ೫೦ ಮೈಲಿ ಓಡುತ್ತಿರುವಾಗ ಮುಳ್ಳು ೪೦ನ್ನು ತೋರಿಸಿ ಚಾಲಕನಿಗೆ ಸುಳ್ಳು ಧೈರ್ಯ ಕೊಡುತ್ತದೆ. ಮುಖದ ಮೇಲಿನ ಅಂಕಿಗಳು ಮೈಲಿಗಳೋ ಕಿಲೋಮೀಟರುಗಳೋ ಎಂಬುದನ್ನೂ ನೋಡಬೇಕು. ನಮ್ಮ ದೇಶದಲ್ಲಿ ೧೯೫೬ರ ಶಾಸನದ ಬಳಿಕ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂದಿತು. ಅದಕ್ಕೆ ಹಿಂದಿನ ಕಾರುಗಳು ಮೈಲಿಯಲ್ಲಿಯೇ ಮಾತನಾಡುತ್ತವೆ. ಕಾರು ಕ್ರಮಿಸಿದ ಒಟ್ಟು ದೂರದ ಅಂಕಿಯನ್ನು ಕಳಚುವ ಮೊದಲೇ ಬರೆದಿಡುವುದು ಲೇಸು. ಅದು ಕಾರಿನ ಚರಿತ್ರೆ. ಅದನ್ನು ತಿದ್ದುವುದು ಮುಂದೆ ಕಾರನ್ನು ಕೊಳ್ಳುವವನಿಗೆ ಮಾಡುವ ಮೋಸ.

ಎಣ್ಣೆಯ ಒತ್ತಡ, ನೀರಿನ ಉಷ್ಣತೆ

ಹಳೆಯ ಕಾರುಗಳ ಎಣ್ಣೆ ಮಾಪಕದಲ್ಲಿ ಅನೇಕವೇಳೆ ವಿದ್ಯುತ್ತಿನ ಸಂಬಂಧವೇ ಇಲ್ಲ. ಎಂಜಿನಿನಿಂದ ಸಪುರವಾದ ಕೊಳವೆಯೊಂದು ಎಣ್ಣೆಯನ್ನೇ ನೇರವಾಗಿ ಫಲಕದವರೆಗೆ ತರುತ್ತದೆ. ಮಾಪಕದೊಳಗೆ ಬಿಲ್ಲಿನಂತೆ ಬಾಗಿದ, ಚಪ್ಪಟೆಯಾದ, ಒಂದು ತುದಿ ಮುಚ್ಚಿದ ಹಿತ್ತಾಳೆಯ ನಳಿಗೆಯಿದೆ. ಒಳಗೆ ಒತ್ತಡ ಹೆಚ್ಚಿದಂತೆ ನಳಿಗೆ ನೆಟ್ಟಗಾಗಲು ಯತ್ನಿಸುತ್ತದೆ. ಆ ಅಲ್ಪ ಚಲನೆಯನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳಿಗೆ ಕೊಡುತ್ತವೆ. ಜಾತ್ರೆಯಲ್ಲಿ ಮಾರುವ, ಊದಿದರೆ ನೆಟ್ಟಗಾಗುವ ಸುರುಳಿ ಪೀಪಿಯನ್ನು ನೆನೆದರೆ ಇದು ಅರ್ಥವಾಗುತ್ತದೆ. ಫ್ರಾನ್ಸಿನ ಬೂರ್ಡಾನ್ ೧೮೪೯ರಲ್ಲಿ ಇದಕ್ಕೆ ಪೇಟೆಂಟು ಪಡೆದನು.

ಎಂಜಿನು ಓಡುತ್ತಿರುವಾಗ ಈ ಕೊಳವೆಯಲ್ಲಿ ವಾಯುಮಂಡಲದ ಮೂರು ನಾಲ್ಕರಷ್ಟು ಒತ್ತಡದಲ್ಲಿ ಬಿಸಿ ಎಣ್ಣೆ ಇರುತ್ತದೆ. ಆದ್ದರಿಂದ ಎಂಜಿನು ನಿಂತು ತಣ್ಣಗಾದ ಮೇಲೆಯೇ ಕೆಳಗೆ ಬಟ್ಟೆ ಹಾಸಿ ಇದನ್ನು ಬಿಚ್ಚಬೇಕು. ಕೊಳವೆಯ ತುದಿಯಲ್ಲಿರುವ ಪುಟ್ಟ ವಾಷರು ಕೆಳಗೆ ಬಿದ್ದು ಕಳೆದುಹೋಗುವುದು ಸಾಮಾನ್ಯ. ಅದನ್ನು ಜೋಪಾನ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಪಕ ಕಳಚಿರುವ ಸ್ಥಿತಿಯಲ್ಲಿ ಎಂಜಿನನ್ನು ಚಾಲೂ ಮಾಡಲೇ ಕೂಡದು. ಮಾಡಿದರೆ ಎಣ್ಣೆ ಚಿಲುಮೆಯಾಗಿ ಕಾರಿನೊಳಗೆ ಚಿಮ್ಮುವುದಲ್ಲದೆ, ಎಣ್ಣೆಯಿಲ್ಲದೆ ಎಂಜಿನೇ ಹಿಡಿದುಕೊಳ್ಳಬಹುದು.

ನೀರಿನ ಉಷ್ಣತೆಯ ಮಾಪಕ ಇದಕ್ಕೆ ಒಡಹುಟ್ಟಿದಂತಿದೆ. ಅದರೊಳಗೂ ಬೂರ್ಡಾನ್ ನಳಿಗೆಯೇ ಇದೆ. ಆದರೆ ಒತ್ತಡವನ್ನು ಕೊಡುವುದು ಎಂಜಿನಿನ ಎಣ್ಣೆಯಲ್ಲ. ಎಂಜಿನಿನ ನೀರಿನಲ್ಲಿ ಮುಳುಗಿರುವ ಪುಟ್ಟ ಲೋಹದ ಬುಡ್ಡಿಯಲ್ಲಿ ಈಥರಿನಂಥ ದ್ರವವನ್ನು ತುಂಬಿ, ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ನಳಿಗೆಯಿಂದ ಮಾಪಕಕ್ಕೆ ಸೇರಿಸಿ ಎಲ್ಲವನ್ನೂ ಮುಚ್ಚಿರುತ್ತಾರೆ. ಈಥರು ೩೫ ಡಿಗ್ರಿಯಲ್ಲಿಯೇ ಕುದಿಯುವ ದ್ರವ. ನೀರು ೧೦೦ ಡಿಗ್ರಿಗೇರಿದಾಗ ಅದರ ಆವಿಯ ಒತ್ತಡ ಆರು ವಾಯುಮಂಡಲಗಳನ್ನೂ ಮೀರುತ್ತದೆ. ಈ ಒತ್ತಡವನ್ನೇ ಮಾಪಕವು ಉಷ್ಣತೆಯೆಂದು ಓದಿ ಹೇಳುತ್ತದೆ.

ಬುಡ್ಡಿ, ನಳಿಗೆ, ಮಾಪಕ ಮೂರೂ ಒಂದೇ ಅಂಗವೆಂಬುದನ್ನು ಇದರಿಂದ ತಿಳಿಯಬಹುದು. ನಳಿಗೆಯನ್ನು ಕತ್ತರಿಸಿದರೆ, ಅಥವಾ ಮಡಿಸಿ ಬಿರುಕು ಬಿಡಿಸಿದರೆ ಈಥರು ಹಾರಿಹೋಗುತ್ತದೆ. ಮಾಪಕ ಸತ್ತಂತೆಯೇ ಸರಿ. ಈಥರಿನ ಆವಿಗೆ ಬಲುಬೇಗ ಬೆಂಕಿ ಹಿಡಿಯುತ್ತದೆಂಬುದೂ ನೆನಪಿರಬೇಕು. ಇದನ್ನು ತೆಗೆಯಬೇಕಾದರೆ ಎಂಜಿನು ಪೂರ್ಣವಾಗಿ ತಣಿದ ಮೇಲೆ ಸ್ವಲ್ಪ ನೀರನ್ನು ಹೊರಬಿಟ್ಟು, ಬುಡ್ಡಿಯನ್ನು ಹಿಡಿದಿರುವ ನಟ್ಟನ್ನು ಮಾತ್ರ ತಿರುಗಿಸಬೇಕು, ನಳಿಗೆ ತಿರುಚಿಕೊಳ್ಳಬಾರದು. ಆ ಬಳಿಕ ಬುಡ್ಡಿಯನ್ನು ತಡೆಗೋಡೆಯ ರಂಧ್ರದ ಮೂಲಕ ಮೆಲ್ಲನೆ ಒಳಗೆಳೆದು, ನಳಿಗೆಯನ್ನು ತೆಂಗಿನಕಾಯಿಯಷ್ಟು ಅಗಲದ ಸುರುಳಿಯಾಗಿ ಸುತ್ತಿ ಮಾಪಕದೊಡನೆ ಇಡಬೇಕು. ಬಿಸಿ ಎಂಜಿನಿನ ರೇಡಿಯೇಟರಿನ ಮುಚ್ಚಳವನ್ನು ತೆರೆಯುವ ದುಸ್ಸಾಹಸ ಯಾರಿಗೂ ಬೇಡ. ಅಲ್ಲಿ ಒತ್ತಡದಲ್ಲಿರುವ ನೀರು ೧೦೦ ಡಿಗ್ರಿಯನ್ನು ಮೀರಿಯೂ ಕುದಿಯದೆ ಇರಬಹುದು. ಮುಚ್ಚಳ ಸಡಿಲವಾದೊಡನೆ ಒಮ್ಮೆಗೇ ಕುದಿದು ಮೈಮೇಲೆ ಉಕ್ಕುತ್ತದೆ.

ಆಮ್ಮೀಟರು ಮತ್ತು ಪೆಟ್ರೋಲುಮಾಪಕ

ಆಮ್ಮೀಟರಿನ ಮುಖದ ನಡುವೆ ಸೊನ್ನೆ, ಎರಡೂ ಬದಿಗಳಲ್ಲಿ ಅಂಕಿಗಳು ಇರುತ್ತವೆ. ಎಂಜಿನನ್ನು ಎಬ್ಬಿಸುವ ಸ್ಟಾರ್ಟರಿನ ಪ್ರವಾಹವೊಂದನ್ನು ಬಿಟ್ಟು ಬ್ಯಾಟರಿಗೆ ಬರುವ, ಬ್ಯಾಟರಿಯಿಂದ ಹೋಗುವ ಪ್ರವಾಹ ಬಹುಮಟ್ಟಿಗೆ ಇದರ ಮೂಲಕವೇ ಹರಿಯುತ್ತದೆ. ಫಲಕದ ಹಿಂದಿನ ತುದಿಗಳಲ್ಲಿ ಅತ್ಯಂತ ಅಪಾಯಕರವಾದವು ಇದರ ಎರಡು ದಪ್ಪ ತುದಿಗಳೇ. ಬ್ಯಾಟರಿಯನ್ನು ಬೇರ್ಪಡಿಸದೆ ಇದನ್ನು ಮುಂದಕ್ಕೆಳೆದರೆ ತುದಿಯು ಫಲಕದ ಲೋಹಕ್ಕೆ ತಗಲಿ, ಮೇಲೆ ಲೆಕ್ಕ ಹಾಕಿದ ಅನಾಹುತ ಕಣ್ಣೆದುರಿಗೇ ನಡೆಯುತ್ತದೆ. ಮತ್ತೆ ಜೋಡಿಸುವಾಗ ನಟ್ಟುಗಳನ್ನು ಗಟ್ಟಿಯಾಗಿ ಬಿಗಿಯುವುದೂ ಅಷ್ಟೇ ಮುಖ್ಯ. ಸಡಿಲವಾದ, ಕಿಲುಬು ಹಿಡಿದ ತುದಿಯ ರೋಧ ಓಮಿನ ಹತ್ತರಲ್ಲೊಂದು ಅಂಶದಷ್ಟೇ ಇರಲಿ; ೨೦ ಆಂಪಿಯರು ಹರಿದಾಗ ಅಲ್ಲಿ ಹುಟ್ಟುವ ಶಾಖ ೪೦ ವಾಟ್. ಬೆಸುಗೆ ಹಾಕುವ ಕಡ್ಡಿಯೊಂದನ್ನು ಫಲಕದ ಹಿಂದೆ ಉರಿಯಲು ಬಿಟ್ಟಂತಾಯಿತು.

ಪೆಟ್ರೋಲುಮಾಪಕಕ್ಕೆ ಟ್ಯಾಂಕಿನೊಳಗೆ ಜೊತೆಗಾರನೊಬ್ಬನಿದ್ದಾನೆ. ಅಲ್ಲಿ ತೇಲುವ ಬೆಂಡಿನೊಡನೆ ಏರಿಳಿಯುವ ಸನ್ನೆಯೊಂದು ತಂತಿಸುರುಳಿಯ ರೋಧವನ್ನು ಹೆಚ್ಚುಕಡಮೆ ಮಾಡುತ್ತದೆ. ಹಳೆಯ ಮಾದರಿಯ ಮಾಪಕದಲ್ಲಿ ಎರಡು ವಿದ್ಯುತ್ಕಾಂತಗಳು ಮುಳ್ಳನ್ನು ಎರಡು ಕಡೆಗೆ ಎಳೆಯುತ್ತವೆ. ಅದರ ಮುಳ್ಳು ಕೀಲಿ ತಿರುಗಿಸಿದೊಡನೆ ಥಟ್ಟನೆ ಏಳುತ್ತದೆ, ಪೆಟ್ರೋಲು ತುಳುಕಿದಂತೆ ಓಲಾಡುತ್ತದೆ. ಸುಮಾರು ೧೯೬೦ರ ದಶಕದಿಂದ ಬಳಕೆಗೆ ಬಂದ ಇನ್ನೊಂದು ಮಾದರಿಯಲ್ಲಿ, ಒಂದರ ಮೇಲೊಂದು ಬೆಸೆದ ಎರಡು ಲೋಹಗಳ ಪಟ್ಟಿಯನ್ನು ಪ್ರವಾಹ ಬಿಸಿಮಾಡುತ್ತದೆ. ಲೋಹಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗಿ ಮುಳ್ಳನ್ನು ನೂಕುತ್ತದೆ. ಬಿಸಿಯಾಗಲು ಹೊತ್ತು ಬೇಕಾದುದರಿಂದ ಈ ಮುಳ್ಳು ಮೆಲ್ಲಗೆ ಏರುತ್ತದೆ. ಈ ಎರಡನೆಯ ಬಗೆಯ ಮಾಪಕಕ್ಕೆ ಸ್ಥಿರಕಾರಿಯೆಂಬ ಪುಟ್ಟ ಡಬ್ಬಿಯೊಂದು ಸರಾಸರಿ ೧೦ ವೋಲ್ಟನ್ನು ಮಾತ್ರ ಕೊಡುತ್ತದೆ. ಕಳಚಿದ ಮಾಪಕ ಚೆನ್ನಾಗಿದೆಯೇ ಎಂದು ನೋಡಲು ಅದನ್ನು ನೇರವಾಗಿ ಬ್ಯಾಟರಿಗೆ ತಗಲಿಸಿದರೆ, ಚೆನ್ನಾಗಿದ್ದುದೂ ಸುಟ್ಟುಹೋಗಬಹುದು. ಟ್ಯಾಂಕಿನ ಕಡೆಗೆ ಹೋಗುವ ತಂತಿಗಂತೂ ಬ್ಯಾಟರಿಯನ್ನು ಎಂದಿಗೂ ನೇರವಾಗಿ ಜೋಡಿಸಬಾರದು. ಪೆಟ್ರೋಲಿನ ಆವಿಯಿರುವಲ್ಲಿಗೆ ಶಾಖವನ್ನೂ ಕಿಡಿಯನ್ನೂ ನಾವೇ ಕಳುಹಿಸಿದಂತಾಗುತ್ತದೆ.

ಹೊಳೆಯುವ ಅಂಕಿಗಳು

ಅಂಬಾಸಡರು, ಫಿಯಟುಗಳ ಮಾಪಕಗಳು ರಾತ್ರಿಯಲ್ಲಿ ಪುಟ್ಟ ಬಲ್ಬುಗಳಿಂದ ಬೆಳಗುತ್ತವೆ. ಅವುಗಳ ವಿಷಯದಲ್ಲಿ ಈ ಭಾಗದ ಚಿಂತೆಯಿಲ್ಲ. ಆದರೆ ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ವಾಹನಗಳ, ಅದಕ್ಕೂ ಹಿಂದಿನ ಕೆಲವು ಕಾರುಗಳ ಮಾಪಕಗಳಲ್ಲಿ ಅಂಕಿಗಳಿಗೂ ಮುಳ್ಳಿಗೂ ರೇಡಿಯಂ ಬೆರೆತ ಬಣ್ಣವನ್ನು ಬಳಿದಿರುವುದುಂಟು. ರೇಡಿಯಮಿನ ಕಿರಣಗಳು ಸತುವಿನ ಸಲ್ಫೈಡನ್ನು ಬೆಳಗಿಸುತ್ತಿದ್ದುವು. ಕಾಲಾನುಕ್ರಮದಲ್ಲಿ ಸತುವಿನ ಸಲ್ಫೈಡು ಶಿಥಿಲವಾಗಿ ಹೊಳಪು ಹೋಗುತ್ತದೆ. ರೇಡಿಯಂ ಮಾತ್ರ ಹೋಗುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು ೧,೬೦೦ ವರ್ಷಗಳು. ಎಂಬತ್ತು ವರ್ಷಗಳಲ್ಲಿ ಅದು ನೂರಕ್ಕೆ ಮೂರೂವರೆ ಭಾಗದಷ್ಟೂ ಕಡಮೆಯಾಗಿರುವುದಿಲ್ಲ. ಕತ್ತಲಲ್ಲಿ ಹೊಳೆಯದೆ ಇರುವುದು ಅಪಾಯವಿಲ್ಲವೆಂಬುದಕ್ಕೆ ಗುರುತಲ್ಲ.

ಗಾಜು ಭದ್ರವಾಗಿರುವವರೆಗೆ ಆಲ್ಫಾ ಕಣಗಳು ಹೊರಬರಲಾರವು. ಉದುರಿದ ಬಣ್ಣದ ಧೂಳು ಉಸಿರಿನೊಡನೆಯೋ ಬೆರಳಿನಿಂದ ಬಾಯಿಯ ಮೂಲಕವೋ ದೇಹದ ಒಳಹೊಕ್ಕರೆ ಮಾತ್ರ ಅದು ಎಲುಬಿನಲ್ಲಿ ನೆಲೆಯೂರುತ್ತದೆ. ಅಮೆರಿಕದ ನ್ಯೂ ಜೆರ್ಸಿಯಲ್ಲಿ ಗಡಿಯಾರದ ಮುಖಗಳಿಗೆ ಈ ಬಣ್ಣವನ್ನು ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿಕೊಳ್ಳುತ್ತಿದ್ದರು. ೧೯೨೦ರ ದಶಕದಲ್ಲಿ ಅವರಲ್ಲಿ ಹಲವರು ದವಡೆಯ ಎಲುಬು ಕೊಳೆತು ನರಳಿ ಸತ್ತರು. ಆದ್ದರಿಂದ ಅಂಕಿಗಳ ಮೇಲೆ ದಪ್ಪನಾದ, ಕಂದುಹಳದಿ ಬಣ್ಣದ ಬಿರುಕುಬಿಟ್ಟ ಲೇಪ ಕಂಡರೆ ಅಂಥ ಮಾಪಕದ ಗಾಜನ್ನು ತೆರೆಯಬಾರದು, ಲೇಪವನ್ನು ಕೆರೆಯಬಾರದು. ಹಾಗೆಯೇ ಚೀಲದಲ್ಲಿ ಮುಚ್ಚಿಟ್ಟು, ಕೈತೊಳೆದು, ಗೈಗರ್ ಗಣಕವಿರುವ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಪರೀಕ್ಷೆ ಮಾಡಿಸಬೇಕು.

ಕಳಚುವ ಕ್ರಮ

ಇಷ್ಟನ್ನು ತಿಳಿದ ಮೇಲೆ ಕೈಕೆಲಸದ ಕ್ರಮವನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಎಂಜಿನು ತಣಿದಿರಲಿ. ಬ್ಯಾಟರಿಯ ಅರ್ತ್ ತುದಿಯನ್ನು ಮೊದಲು ಬಿಚ್ಚಿರಿ. ಫಲಕದ ಹಿಂಭಾಗವನ್ನು ಕೈದೀಪದಿಂದ ನೋಡಿ, ಕೈಯಲ್ಲಿರುವ ಫೋನಿನಿಂದಲೇ ಹಲವು ಛಾಯಾಚಿತ್ರಗಳನ್ನು ತೆಗೆಯಿರಿ. ಆ ಬಳಿಕ ಪ್ರತಿಯೊಂದು ತಂತಿಗೂ ಕಾಗದದ ಚೀಟಿ ಅಂಟಿಸಿ ಸಂಖ್ಯೆ ಬರೆಯಿರಿ. ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ತಂತಿಯ ಬಣ್ಣಕ್ಕೆ ಅರ್ಥವಿದೆ: ಕಂದು ಸದಾ ಜೀವಂತವಾದುದು, ಬಿಳಿಯದು ಕೀಲಿ ತಿರುಗಿಸಿದಾಗ ಜೀವ ಪಡೆಯುವುದು, ಹಸುರು ಅದೇ ಆದರೂ ಫ್ಯೂಸಿನ ಮೂಲಕ ಬಂದುದು, ಕೆಂಪು ಫಲಕದ ಮತ್ತು ಬದಿಯ ದೀಪಗಳದು, ಕಪ್ಪು ಅರ್ತ್. ಆದರೆ ಅರುವತ್ತು ವರ್ಷಗಳ ಧೂಳು ಬಿಸಿಲುಗಳಲ್ಲಿ ಕಂದೂ ಕೆಂಪೂ ಒಂದೇ ಆಗಿ ಕಾಣುತ್ತವೆ. ಬಣ್ಣವನ್ನು ನಂಬುವುದಕ್ಕಿಂತ ಚೀಟಿಯನ್ನು ನಂಬುವುದು ಮೇಲು.

ವೇಗಮಾಪಕದ ತಂತಿ, ಎಣ್ಣೆಯ ಕೊಳವೆ, ಉಷ್ಣತೆಯ ಬುಡ್ಡಿ ಇವುಗಳನ್ನು ಬಿಡಿಸಿದ ಮೇಲೆಯೇ ಮಾಪಕವನ್ನು ಹಿಡಿದಿರುವ ಹಿಂದಿನ ಪಟ್ಟಿಯ ನಟ್ಟುಗಳಿಗೆ ಕೈಹಾಕಬೇಕು. ಕಿಲುಬು ಹಿಡಿದು ಕಚ್ಚಿಕೊಂಡಿರುವ ನಟ್ಟಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಒಂದೆರಡು ತೊಟ್ಟು ಬಿಟ್ಟು ಒಂದು ರಾತ್ರಿ ಕಾಯಿರಿ. ನಮ್ಮ ಕರಾವಳಿಯಲ್ಲಿ ಬಲಕ್ಕಿಂತ ತಾಳ್ಮೆಯಿಂದ ಬಿಚ್ಚಿದ ನಟ್ಟುಗಳೇ ಹೆಚ್ಚು. ಮಾಪಕವನ್ನು ಎದುರಿನಿಂದ ತಿರುಪುಳಿಯಿಂದ ಮೀಟಬೇಡಿ. ಹಿಂದಿನಿಂದ ಮೆಲ್ಲನೆ ನೂಕಿರಿ. ಗಾಳಿಚೀಲವುಳ್ಳ ಈಗಿನ ಕಾರುಗಳಿಗೆ ಈ ವಿಧಾನ ಸಲ್ಲದೆಂಬುದನ್ನೂ ಇಲ್ಲಿ ಹೇಳಬೇಕು. ಅವುಗಳ ಫಲಕದೊಳಗೆ ಸ್ಫೋಟಕದಿಂದ ಉಬ್ಬುವ ವ್ಯವಸ್ಥೆಯಿರುವುದರಿಂದ ತರಬೇತಿ ಪಡೆದವರೇ ಕೈಹಾಕಬೇಕು.

ಮರಳಿ ಜೋಡಿಸುವಾಗ

ಹಿಂದಿನ ಲೋಹದ ಪಟ್ಟಿ ಮಾಪಕವನ್ನು ಹಿಡಿದಿಡುವುದು ಮಾತ್ರವಲ್ಲ, ಅನೇಕವೇಳೆ ಅದಕ್ಕೆ ಅರ್ತ್ ದಾರಿಯನ್ನೂ ಒದಗಿಸುತ್ತದೆ. ಫಲಕಕ್ಕೆ ಹೊಸ ಬಣ್ಣ ಬಳಿದ ಮೇಲೆ ಮಾಪಕದ ದ��ಪ ಉರಿಯದಿದ್ದರೆ ಬಲ್ಬನ್ನು ದೂರುವ ಮೊದಲು ಬಣ್ಣವನ್ನು ಶಂಕಿಸಬೇಕು; ಬಣ್ಣವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಪಟ್ಟಿ ತಗಲುವೆಡೆಯಲ್ಲಿ ಲೋಹವನ್ನು ಕೆರೆದು ಶುಚಿಮಾಡಿದರೆ ದೀಪ ಉರಿಯುತ್ತದೆ.

ಎಲ್ಲ ತಂತಿಗಳನ್ನೂ ಚೀಟಿಯಂತೆ ಜೋಡಿಸಿಯಾದ ಮೇಲೂ ಬ್ಯಾಟರಿಯ ಅರ್ತ್ ತುದಿಯನ್ನು ಒಮ್ಮೆಗೇ ಬಿಗಿಯಬಾರದು. ಎಲ್ಲಿಯೋ ಒಂದು ತುದಿ ಮೈಗೆ ತಗಲಿಕೊಂಡಿದ್ದರೆ ಪಟ್ಟ ಶ್ರಮವೆಲ್ಲ ಒಂದು ಕ್ಷಣದಲ್ಲಿ ಹೊಗೆಯಾಗುತ್ತದೆ. ಇದಕ್ಕೊಂದು ಸುಲಭವಾದ ಪರೀಕ್ಷೆಯಿದೆ. ಕಾರಿನ ಹಿಂದಿನ ಬ್ರೇಕು ದೀಪದ ೧೨ ವೋಲ್ಟಿನ, ೨೧ ವಾಟಿನ ಬಲ್ಬೊಂದನ್ನು ತೆಗೆದುಕೊಂಡು, ಅರ್ತ್ ತಂತಿಗೂ ಬ್ಯಾಟರಿಯ ಅದೇ ಧ್ರುವಕ್ಕೂ ನಡುವೆ ಸರಣಿಯಲ್ಲಿ ಸೇರಿಸಿರಿ. ಕೀಲಿಯೂ ದೀಪಗಳೂ ಆರಿರಲಿ, ಬಾಗಿಲುಗಳು ಮುಚ್ಚಿರಲಿ. ದೋಷವಿಲ್ಲದಿದ್ದರೆ ಬಲ್ಬು ಉರಿಯುವುದಿಲ್ಲ; ಗಡಿಯಾರವಿರುವ ಕಾರಿನಲ್ಲಿ ಹೆಚ್ಚೆಂದರೆ ಮಂಕಾಗಿ ಮಿನುಗೀತು. ತಂತಿಯೊಂದು ಮೈಗೆ ತಗಲಿದ್ದರೆ ಬಲ್ಬು ಝಗ್ಗನೆ ಬೆಳಗುತ್ತದೆ. ಆಗಲೂ ಹರಿಯುವ ಪ್ರವಾಹ ೨೧ನ್ನು ೧೨ರಿಂದ ಭಾಗಿಸಿದಷ್ಟು, ಎಂದರೆ ೧.೭೫ ಆಂಪಿಯರು ಮಾತ್ರ. ಮುನ್ನೂರು ಆಂಪಿಯರಿನ ಅನಾಹುತವನ್ನು ಬಲ್ಬಿನ ರೋಧ ತಾನು ತಡೆದುಕೊಂಡು, ಬೆಳಗಿ ನಮಗೆ ಎಚ್ಚರಿಕೆಯನ್ನು ಕೊಡುತ್ತದೆ. ದೋಷವನ್ನು ಹುಡುಕಿ ಸರಿಪಡಿಸಿ, ಬಲ್ಬು ಆರಿದುದನ್ನು ಕಂಡ ಬಳಿಕವೇ ತುದಿಯನ್ನು ನೇರವಾಗಿ ಬಿಗಿಯಬೇಕು.

ಓಮನ ನಿಯಮ, ಜೂಲನ ನಿಯಮ, ಫ್ಯಾರಡೆಯ ಪ್ರೇರಣೆ, ಆವಿಯ ಒತ್ತಡ, ಲೋಹಗಳ ಹಿಗ್ಗುವಿಕೆ, ವಿಕಿರಣದ ಅರ್ಧಾಯುಷ್ಯ ಇವೆಲ್ಲವನ್ನೂ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬೇರೆಬೇರೆ ಅಧ್ಯಾಯಗಳಲ್ಲಿ ಓದುತ್ತಾರೆ. ಹಳೆಯ ಕಾರಿನ ಒಂದೂವರೆ ಮೊಳದ ಫಲಕದ ಹಿಂದೆ ಅವೆಲ್ಲವೂ ಒಟ್ಟಿಗೆ ವಾಸವಾಗಿವೆ. ಊರಿನ ಗ್ಯಾರೇಜಿನಲ್ಲಿ ಅಂಥ ಕಾರೊಂದನ್ನು ಬಿಚ್ಚುತ್ತಿರುವುದು ಕಂಡುಬಂದರೆ, ಕೆಲಸಗಾರರ ಅನುಮತಿ ಪಡೆದು ಒಂದು ಗಳಿಗೆ ನಿಂತು ನೋಡಿರಿ. ಪಠ್ಯಪುಸ್ತಕದ ಎಷ್ಟು ಪುಟಗಳು ಅಲ್ಲಿ ಕಾಣುತ್ತವೆಂಬುದನ್ನು ಎಣಿಸಿರಿ.